ಫೈನಲ್‌ನಲ್ಲಿ ಆಡದ ಗೋಲ್‌ಕೀಪರ್

“ಅಣ್ಣ-ತಂಗಿ ಸೇರಿ ಚೆನ್ನಾಗೇ ಆಟ ಆಡಿದ್ರಿ... ಮೈದಾನಕ್ಕೆ ಇಳಿಯೋಕೂ ಮೊದಲೇ.”

ಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ನಿಂತು ಅವಳು ಅಷ್ಟೇ ಹೇಳಿದಳು. ಐಸ್ ಪೊಟ್ಟಣ ಕಟ್ಟುತ್ತಿದ್ದ ಫಿಸಿಯೋ ತಲೆಯೆತ್ತಿದ. ಮತ್ತೆ ಗಂಟು ಬಿಗಿಯತೊಡಗಿದ.

ಮಹಿಳಾ ಕಾಲೇಜುಗಳ ಹಾಕಿ ಫೈನಲ್‌ಗೆ ಇನ್ನೊಂದು ಗಂಟೆಯಿತ್ತು. ಐದು ವರ್ಷ ಗೋಲ್ ಕಾದವಳು ಅವಳು. ಗೆಳತಿಯರ ಬಾಯಲ್ಲಿ ‘ಗೋಡೆ’. ಎಂ.ಎ. ಮುಗಿಯುತ್ತಿತ್ತು, ಇದೇ ಕೊನೆಯ ಪಂದ್ಯ. ನಿನ್ನೆ ಸೆಮಿಫೈನಲ್‌ನಲ್ಲಿ ಚೆಂಡು ಹೆಲ್ಮೆಟ್ಟಿಗೆ ಬಲವಾಗಿ ಬಡಿದಿತ್ತು. ಒಂದು ಚೆಂಡು ಎರಡಾಗಿ ಕಾಣುತ್ತಿದೆಯೆಂದು ಈ ಫಿಸಿಯೋ ಒಬ್ಬನಿಗೆ ಮಾತ್ರ ಹೇಳಿದ್ದಳು, ತನ್ನವನೆಂದು ನಂಬಿ...

ಬೆಳಿಗ್ಗೆ ಅವನು ಫಿಟ್‌ನೆಸ್ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಆಡುವಂತಿಲ್ಲ’ ಎಂದು ಬರೆದು ಸಹಿ ಹಾಕಿದ. ಬದಲಿ ಗೋಲ್‌ಕೀಪರ್ ಬೇರೆ ಯಾರೂ ಅಲ್ಲ, ಅವನ ಒಡಹುಟ್ಟಿದ ತಂಗಿ!

‘ಮನಸ್ಸು ಬಿಚ್ಚಿಟ್ಟಿದ್ದಕ್ಕೆ ಇದಾ ಬಹುಮಾನ?’ ಅವಳು ಬಾಗಿಲಿನಿಂದ ತಿರುಗಿ ನಡೆದಳು.

ಮೋಡ ಕವಿದ ಮಧ್ಯಾಹ್ನ. ಬೆಂಚಿನ ತುದಿಯಲ್ಲಿ ಕೂತು ಅವಳು ತನ್ನ ಜಾಗದಲ್ಲಿ ಇನ್ನೊಬ್ಬಳನ್ನು ನೋಡಿದಳು. ಪಂದ್ಯ ಸಮವಾಗಿ ಶೂಟೌಟ್‌ಗೆ ಹೋಯಿತು. ಕೊನೆಯ ಚೆಂಡು ಅವನ ತಂಗಿಯ ಕಾಲಿನ ಪಕ್ಕದಲ್ಲೇ ಉರುಳಿ ಬಲೆ ಸೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಎಲ್ಲರೂ ಹೋದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಆ ಹುಡುಗಿ ಪ್ಯಾಡ್ ಕೂಡ ಬಿಚ್ಚದೆ ನೆಲದ ಮೇಲೆ ಕೂತಿದ್ದಳು. ನೋಡಿ ಅಯ್ಯೋ ಎನ್ನಿಸಿದರೂ ಇವಳ ನಾಲಿಗೆ ಸುಮ್ಮನಿರಲಿಲ್ಲ.

“ಆಸೆಪಟ್ಟ ಜಾಗ ಸಿಕ್ತಲ್ಲ.”

“ನಾನು ಆಸೆಪಟ್ಟೆನಾ ಅಕ್ಕ? ಅಣ್ಣನ ಕಾಲಿಗೆ ಬಿದ್ದು ಬೇಡ್ಕೊಂಡೆ, ಅಕ್ಕನೇ ಆಡ್ಲಿ ಅಂತ. ಅವನೇನಂದ ಗೊತ್ತಾ? ‘ನೀನು ಸೋತ್ರೆ ನಾಲ್ಕು ದಿನ ಬೈಸ್ಕೋತೀಯ. ಅವಳ ತಲೆಗೆ ಇನ್ನೊಂದು ಏಟು ಬಿದ್ರೆ ನಾನು ಯಾರ ಮುಂದೆ ಹೋಗಿ ಅಳಲಿ?’ ಅಂದ.”

ಪಟ್ಟಿ ತಿದ್ದು, ಇಲ್ಲವೇ ಕೆಲಸ ಬಿಡು ಎಂದಿದ್ದರಂತೆ ಕೋಚ್. ಇವತ್ತೇ ಕೊನೆ ಎಂದು ಅವನು ಚಿಕಿತ್ಸೆಯ ಕೋಣೆಯ ಕೀಲಿಕೈಯನ್ನು ಅವರ ಮೇಜಿನ ಮೇಲಿಟ್ಟಿದ್ದನಂತೆ.

ಅವಳು ಅವನನ್ನು ಹುಡುಕಿಕೊಂಡು ಹೊರಟಳು. ಆಡಿದ ಮಾತು, ಒಡೆದ ಮುತ್ತು...

ಅವನು ಸ್ಟ್ಯಾಂಡಿನ ಹಿಂದಿನ ಮೆಟ್ಟಿಲಲ್ಲಿ ಚೀಲದೊಂದಿಗೆ ಕೂತಿದ್ದ. ಅವಳು ಒಂದು ಮೆಟ್ಟಿಲು ಕೆಳಗೆ ನಿಂತಳು.

“ಬೆಳಿಗ್ಗೆನೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಹೇಗಾದ್ರೂ ಮಾಡಿ ನನ್ನನ್ನ ಒಪ್ಪಿಸ್ಬಿಡ್ತಿದ್ರಿ.” ಅವನು ಕೈ ನೋಡಿಕೊಂಡ. “ಎರಡು ವರ್ಷ ನಿಮ್ಮ ಬೆರಳಿಗೆ ಟೇಪ್ ಸುತ್ತಿದ್ದೀನಿ. ಒಂದು ದಿನಾನೂ ಬೇಗ ಮುಗಿಸೋಕೆ ಮನಸ್ಸು ಬಂದಿಲ್ಲ.”

ಅವಳಿಗೆ ಅಳು ತಡೆಯಲಾಗಲಿಲ್ಲ. ಕಳೆದುಕೊಂಡ ಪಂದ್ಯಕ್ಕೋ, ಈ ಮಾತಿಗೋ, ಅವಳಿಗೇ ತಿಳಿಯಲಿಲ್ಲ.

“ನಾಳೆಯಿಂದ ನೀವು ಫಿಸಿಯೋ ಅಲ್ಲ. ನಾನು ಗೋಲ್‌ಕೀಪರ್ ಅಲ್ಲ.”

“ಮತ್ತೆ ಏನು ನಾವು?”

“ಗೊತ್ತಿಲ್ಲ... ಸ್ವಲ್ಪ ಸರ್ಕೊಳ್ಳಿ, ಕೂತ್ಕೋತೀನಿ.”