ಎದ್ದು ಹೊರಗೆ ಹೋಗುವ ನಿಯಮ

ವೆಂಡೆಲ್ ನನಗೆ ಹುಲ್ಲು ಮಾರುವುದನ್ನು ನಿಲ್ಲಿಸಿದಾಗ ನಾನು ಮೊದಲು ಯೋಚಿಸಿದ್ದು ನನ್ನ ಮುದಿ ಕುದುರೆ ಡಚೆಸ್ ಬಗ್ಗೆ. ಅವಳಿಗೆ ಅವನ ಹೊಲದ ಹುಲ್ಲೇ ಆಗಬೇಕು. ಎರಡನೆಯದಾಗಿ ಯೋಚಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ಅವನ ಲಾರಿ ಶನಿವಾರ ಬೆಳಿಗ್ಗೆ ಬರುತ್ತಿತ್ತು. ಸವಾರಿ ಕಲಿಯುವ ಮಕ್ಕಳು ಬರುವ ಮೊದಲೇ ಪೆಂಡಿಗಳನ್ನು ಇಳಿಸಿ, ಒಂದು ಹಿಡಿ ಹುಲ್ಲು ಎಳೆದು ಮೊದಲು ಡಚೆಸ್‌ಳ ಮೂಗಿಗೆ ಹಿಡಿಯುತ್ತಿದ್ದ, ಆಮೇಲೆ ನನ್ನ ಮೂಗಿಗೆ.

"ಮೂಸಿ ನೋಡಿ ಅರ್ಲೀನ್. ಇದು ಜೂನ್."

ಹಿಮ ಬಿದ್ದ ಜನವರಿಯಲ್ಲಿ ನಿಂತು ನಾನು ಜೂನ್ ತಿಂಗಳನ್ನು ಮೂಸುತ್ತಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಹುಲ್ಲು ಹೇಗಿದೆ ಅಂತ ತಿಳಿಯಲು. ಹುಲ್ಲು ಹೇಗಿದೆ ಅಂತ ತಿಳಿಯಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ನಾನೂ ಬೇಗ ಹೇಳುತ್ತಿರಲಿಲ್ಲ.

ಒಂದು ದಿನ ಫೋನ್ ಬಂತು. "ಇನ್ಮೇಲೆ ನನ್ನಿಂದ ಆಗಲ್ಲ ಅರ್ಲೀನ್. ಸ್ಟೌಫರ್‌ಗೆ ಹೇಳಿದ್ದೀನಿ. ಒಳ್ಳೆ ಹುಲ್ಲೇ ಕೊಡ್ತಾನೆ."

"ನಾನೇನಾದ್ರೂ ಅಂದ್ನಾ?"

"ಇಲ್ಲಪ್ಪ."

"ಡಚೆಸ್ ಏನಾದ್ರೂ ಅಂದ್ಲಾ?"

ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. "ಚೆನ್ನಾಗಿರಿ," ಎಂದು ಫೋನ್ ಇಟ್ಟ.

ಮುಂದಿನ ತಿಂಗಳು ರಾಜ್ಯದ ಕುದುರೆ ಮಂಡಳಿಯ ಸಭೆಗೆ ಹೋದರೆ, ಹುಲ್ಲು ಮತ್ತು ಮೇವಿನ ವ್ಯಾಪಾರಿಗಳಿಗೆಂದು ಇಟ್ಟ ಖಾಲಿ ಕುರ್ಚಿಯಲ್ಲಿ ವೆಂಡೆಲ್ ಕೂತಿದ್ದ. ರಾಜ್ಯಪಾಲರು ಹೊಸದಾಗಿ ನೇಮಿಸಿದ್ದರಂತೆ. ಸವಾರಿ ಶಾಲೆಗಳ ಪರವಾಗಿ ನಾನು ಅಲ್ಲಿಗೆ ಬಂದು ಆಗಲೇ ಒಂದು ವರ್ಷವಾಗಿತ್ತು. ನಮ್ಮ ಮಂಡಳಿಯಲ್ಲಿ ಕುರ್ಚಿ ಮನುಷ್ಯರದ್ದಲ್ಲ, ಕಸುಬಿನದ್ದು: ಓಟದ ಕುದುರೆ, ಪಶುವೈದ್ಯ, ಲಾಳ, ಹೀಗೆ. ಹುಲ್ಲಿನ ಕುರ್ಚಿ ಸವಾರಿ ಶಾಲೆಯ ಕುರ್ಚಿಗೆ ಅಂಟಿಕೊಂಡೇ ಇತ್ತು.

ನನಗೆ ಹುಲ್ಲು ಮಾರದವನ ಮೊಣಕೈ ಪಕ್ಕದಲ್ಲಿ ನನ್ನ ಮೊಣಕೈ. ಹಾಗೆ ಎರಡು ವರ್ಷ.

ನಮ್ಮಲ್ಲಿ ಒಂದು ನಿಯಮವಿದೆ. ಕುದುರೆ ಸಾಕುವ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಏನಾದರೊಂದು ಮಾರುತ್ತಲೇ ಇರುತ್ತಾರೆ. ಅದಕ್ಕೆ ಪ್ರತಿಯೊಂದು ವಿಷಯಕ್ಕೂ ಮೊದಲು ನಮ್ಮ ಅಧ್ಯಕ್ಷೆ ಮಿಸ್ ಆಗಸ್ಟಾ ಕನ್ನಡಕದ ಮೇಲಿನಿಂದ ನೋಡಿ ಕೇಳುತ್ತಾರೆ: "ಇದರಲ್ಲಿ ಯಾರದಾದ್ರೂ ಸ್ವಂತದ್ದು ಏನಾದ್ರೂ ಇದ್ಯಾ? ಇದ್ರೆ ಒಂದೇ ಮಾತಲ್ಲಿ ಹೇಳಿ, ಎದ್ದು ಹೊರಗೆ ಹೋಗಿ." ಹಾಗೆ ಹೋದವರು ಪಡಸಾಲೆಯ ಬೆಂಚಿನ ಮೇಲೆ, ಯಾವತ್ತೋ ಸತ್ತ ಗಂಡು ಕುದುರೆಯೊಂದರ ಫೋಟೋ ಕೆಳಗೆ ಕೂತಿರಬೇಕು. ಒಳಗೆ ತೀರ್ಮಾನವಾದ ಮೇಲೆ ಗುಮಾಸ್ತೆ ಡೀಡ್ರ ಬಂದು ಕರೆಯುತ್ತಾಳೆ.

ಇಷ್ಟು ಗೊತ್ತಿದ್ದೂ ಹುಲ್ಲು ಯಾಕೆ ನಿಂತಿತೆಂದು ನನಗೆ ಹೊಳೆಯಲಿಲ್ಲ. ಮನಸ್ಸಿಗೆ ನೋವಾದವರಿಗೆ ಲೆಕ್ಕ ಹತ್ತುವುದಿಲ್ಲ. ನನ್ನ ಗಂಡ ಒಂದು ಚಳಿಗಾಲ ಫ್ಲಾರಿಡಾಕ್ಕೆ ಹೋದವನು, ಹವೆ ಚೆನ್ನಾಗಿದೆಯೆಂದು ಅಲ್ಲೇ ಉಳಿದಿದ್ದ. ಗಂಡಸರು ಬರುವುದನ್ನು ನಿಲ್ಲಿಸಿದರೆ ಕಾರಣ ಕೇಳಬಾರದು ಎಂದು ಆಗಲೇ ಕಲಿತಿದ್ದೆ.

ಆದರೂ ಸಭೆಯ ದಿನ ಒಳ್ಳೆಯ ಶರ್ಟು ಹಾಕುತ್ತಿದ್ದೆ.

ವೆಂಡೆಲ್ ಎಷ್ಟೇ ಶುಭ್ರವಾಗಿ ಬಂದರೂ ಅವನ ಕಾಲರಿನ ಹಿಂದೆ ಒಂದು ಹುಲ್ಲುಕಡ್ಡಿ ಸಿಕ್ಕಿಕೊಂಡಿರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅದನ್ನು ನೋಡಿ ತೆಗೆಯುವವರು ಅವನ ಮನೆಯಲ್ಲಿ ಯಾರೂ ಇರಲಿಲ್ಲ. ಪಶುವೈದ್ಯರು ಕುದುರೆ ಜ್ವರದ ಬಗ್ಗೆ ಮಾತಾಡುತ್ತಿದ್ದರೆ ನಾನು ಆ ಕಡ್ಡಿಯನ್ನೇ ನೋಡುತ್ತಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ.

ಆಗಸ್ಟ್ ಬಂದರೆ ಅವನು ಎಲ್ಲರಿಗೂ ಪೀಚ್ ಹಣ್ಣು ತರುತ್ತಿದ್ದ, ಸಭೆಯಿಲ್ಲದ ತಿಂಗಳಾದರೂ ಮನೆಮನೆಗೆ ಕೊಟ್ಟು ಹೋಗುತ್ತಿದ್ದ. ನನ್ನ ಚೀಲವನ್ನು ಮಾತ್ರ ಗೇಟಿಗೆ ನೇತುಹಾಕಿ ಹೋಗುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಸೆಪ್ಟೆಂಬರ್ ಸಭೆಯಲ್ಲಿ ಸಿಕ್ಕಾಗ ಕೇಳಿದೆ.

"ನಮ್ಮ ಗೇಟು ಕಚ್ಚುತ್ತಾ?"

"ಅವಸರದಲ್ಲಿದ್ದೆ."

"ನಿಮ್ಮ ಅವಸರ ನೋಡಿದ್ದೀನಿ ಬಿಡಿ. ಅಡುಗೆಮನೆ ಕಿಟಕೀಲಿ ಕಾಣ್ತಿತ್ತು. ಲಾರಿ ಕಾಲು ಗಂಟೆ ಅಲ್ಲೇ ನಿಂತಿತ್ತು."

ವೆಂಡೆಲ್‌ನ ಕಿವಿ ಕೆಂಪಾಯಿತು. "ಇಂಜಿನ್ ಬಿಸಿಯಾಗಿತ್ತು," ಎಂದ. ಮೇಜಿನ ತುದಿಯಿಂದ ಮಿಸ್ ಆಗಸ್ಟಾ ಸುಮ್ಮನೆ ಕೆಮ್ಮಿದರು.

ಮೂರನೆಯ ಏಪ್ರಿಲ್‌ನಲ್ಲಿ ನನ್ನ ವಿಷಯ ಬಂತು. ಪಟ್ಟಣದ ಶಾಲೆಗಳ ಮಕ್ಕಳು ಬೇಸಿಗೆಯಲ್ಲಿ ಬಂದು ಕುದುರೆ ಮುಟ್ಟಿ ನೋಡಲು ಮಂಡಳಿ ಕೆಲವು ಲಾಯಗಳನ್ನು ಆರಿಸುತ್ತದೆ. ಮಂಡಳಿಯ ಹೆಸರಿಲ್ಲದೆ ಶಾಲೆಯವರು ಬಸ್ಸು ಕಳಿಸುವುದಿಲ್ಲ. ಆ ಬಸ್ಸಿಗಾಗಿ ನಾನು ಚಳಿಗಾಲವಿಡೀ ಬೇಲಿ ಕಟ್ಟಿದ್ದೆ, ಹಳೆಯ ಕೊಟ್ಟಿಗೆಗೆ ಬಣ್ಣ ಬಳಿದಿದ್ದೆ. ಏಪ್ರಿಲ್ ತಪ್ಪಿದರೆ ಮುಂದಿನ ಸಭೆ ಸೆಪ್ಟೆಂಬರ್‌ಗೆ. ಬೇಸಿಗೆಯಲ್ಲಿ ನಮ್ಮವರಿಗೆ ಕೂತು ಮಾತಾಡಲು ಪುರುಸೊತ್ತೆಲ್ಲಿ?

ಅದು ಕುದುರೆಗಳು ಮರಿ ಹಾಕುವ ಕಾಲ. ಅರ್ಧ ಮಂದಿ ಸದಸ್ಯರು ತಮ್ಮ ತಮ್ಮ ಲಾಯ ಬಿಟ್ಟು ಬಂದಿರಲಿಲ್ಲ. ನಾನು ಎದ್ದು ಹೋದರೆ ಮತ ಹಾಕಲು ಎಷ್ಟು ಜನ ಇರಲೇಬೇಕೋ ಸರಿಯಾಗಿ ಅಷ್ಟೇ ಜನ ಉಳಿಯುತ್ತಿದ್ದರು.

"ನನ್ನದೇ ಲಾಯ," ಎಂದು ಹೇಳಿ ಎದ್ದೆ. ಬಾಗಿಲು ಎಳೆದುಕೊಂಡು ಬೆಂಚಿನ ಮೇಲೆ ಕೂತೆ. ಎಲ್ಲರೂ ಒಪ್ಪುವವರೇ. ಬಸ್ಸು ಎಲ್ಲಿ ನಿಲ್ಲಿಸುವುದು ಎಂದು ಯೋಚಿಸುತ್ತಿದ್ದೆ.

ಬಾಗಿಲು ತೆರೆಯಿತು. ವೆಂಡೆಲ್ ಹೊರಗೆ ಬಂದ.

"ನೀವ್ಯಾಕೆ ಬಂದ್ರಿ?"

"ಬರಲೇಬೇಕಿತ್ತು."

"ಒಳಗೆ ಒಬ್ರು ಕಮ್ಮಿ ಆಗ್ತಾರೆ, ಗೊತ್ತಲ್ವಾ?"

"ಗೊತ್ತು."

"ನನ್ನ ಬೇಸಿಗೆ ಹೋಯ್ತು. ಅದೂ ಗೊತ್ತಾ?"

"ಗೊತ್ತು ಅರ್ಲೀನ್." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

ನನಗೆ ಸಿಟ್ಟು ನೆತ್ತಿಗೇರಿತ್ತು. "ನೀವು ನಂಗೊಂದು ಪೆಂಡಿ ಹುಲ್ಲು ಸಹ ಮಾರಲ್ಲ. ನನ್ನ ಲಾಯದಲ್ಲಿ ನಿಮ್ಮದೇನ್ರೀ ಇದೆ?"

"ಹುಲ್ಲು ನಿಲ್ಲಿಸಿದ್ದೇ ಅದಕ್ಕೆ," ಎಂದ. ಫೋಟೋದ ಕುದುರೆಯನ್ನು ನೋಡುತ್ತ ಹೇಳಿದ, ನನ್ನನ್ನಲ್ಲ. "ಕುರ್ಚಿ ಕೊಡ್ತೀವಿ ಅಂದ್ರು. ನಮ್ಮಿಬ್ರ ಮಧ್ಯೆ ವ್ಯಾಪಾರ ಇದ್ದಿದ್ರೆ, ನಿಮ್ಮ ಮಾತು ಬಂದಾಗೆಲ್ಲ ನಾನು ಈ ಬೆಂಚಿಗೆ ಬರಬೇಕಾಗ್ತಿತ್ತು. ನಂಗೆ ಒಳಗೇ ಇರಬೇಕಿತ್ತು. ನೀವು ಮಾತಾಡೋದು ಕೇಳ್ಬೇಕಿತ್ತು. ಹುಲ್ಲು ಬಿಟ್ರೆ ಸರಿಹೋಗುತ್ತೆ ಅಂದ್ಕೊಂಡೆ."

"ಮತ್ತೆ?"

"ಸರಿಹೋಗ್ಲಿಲ್ಲ."

ಪಡಸಾಲೆಯ ತುದಿಯಲ್ಲಿ ಕಾಫಿ ಯಂತ್ರ ಗುಂಯ್ ಎನ್ನುತ್ತಿತ್ತು.

"ಸುಮ್ನೆ ಕೂತು ನಿಮ್ಮ ಪರ ಕೈ ಎತ್ತಬಹುದಿತ್ತು," ಎಂದ. "ಮಿಸ್ ಆಗಸ್ಟಾ ನನ್ನ ಮುಖಾನೇ ನೋಡ್ಕೊಂಡು ಕೇಳಿದ್ರು. ಸುಳ್ಳು ಹೇಳಿ ಕೂತಿದ್ರೆ, ನಾಳೆ ಊರಿಗೆ ಗೊತ್ತಾದಾಗ ಆಡಿಕೊಳ್ಳೋದು ನಿಮ್ಮ ಲಾಯಾನ. ನನ್ನನ್ನಲ್ಲ."

"ಏನಂತ ಹೇಳಿದ್ರಿ ಒಳಗೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಡೀಡ್ರ ತಲೆ ಹೊರಗೆ ಹಾಕಿದಳು. "ಜನ ಸಾಲಲ್ಲ. ಸೆಪ್ಟೆಂಬರ್‌ಗೆ ಹೋಯ್ತು. ಬನ್ನಿ ಒಳಗೆ."

ನಾನು ಒಳಗೆ ಹೋಗಲಿಲ್ಲ. ಕಾರು ಹತ್ತಿ ಮನೆಗೆ ಬಂದುಬಿಟ್ಟೆ.

ಆ ಬೇಸಿಗೆ ಬಸ್ಸು ಬರಲಿಲ್ಲ. ಹೊಸ ಬೇಲಿಯ ಮೇಲೆ ಕಾಗೆಗಳು ಕೂತವು. ಇದಕ್ಕೆಲ್ಲ ವೆಂಡೆಲ್ ಕಾರಣ ಎಂದು ಬೈದುಕೊಳ್ಳುತ್ತಿದ್ದೆ. ಬೈಯುತ್ತ ಬೈಯುತ್ತ ಶನಿವಾರ ಬೆಳಿಗ್ಗೆ ಲಾರಿ ಸದ್ದಾದರೆ ಕೈಯಲ್ಲಿದ್ದ ಬಕೆಟ್ಟು ಹಾಗೇ ನಿಲ್ಲುತ್ತಿತ್ತು. ಅದು ಸ್ಟೌಫರ್‌ನ ಲಾರಿ. ಡಚೆಸ್ ಅವನ ಹುಲ್ಲನ್ನು ಮೂಸಿ, ನನ್ನ ಕಡೆ ತಿರುಗಿ ನೋಡುತ್ತಿದ್ದಳು.

"ನನ್ನನ್ನೇನು ನೋಡ್ತೀಯೆ? ತಿನ್ನು," ಎನ್ನುತ್ತಿದ್ದೆ.

ಜೂನ್‌ನಲ್ಲಿ ಮೇವಿನ ಅಂಗಡಿಗೆ ಹೋಗುವಾಗ ದಾರಿ ತಪ್ಪಿದವಳಂತೆ ಅವನ ಹೊಲದ ಮುಂದೆ ಹೋದೆ. ಆ ದಾರಿ ಅಂಗಡಿಗೆ ಹೋಗುವುದಿಲ್ಲ, ಅದು ನನಗೆ ಗೊತ್ತಿತ್ತು. ಹುಲ್ಲು ಕೊಯ್ದು ಸಾಲು ಸಾಲಾಗಿ ಹರವಿದ್ದರು. ಬೆಟ್ಟದ ಕಡೆ ಮೋಡ ಕಟ್ಟಿತ್ತು. ವೆಂಡೆಲ್ ಟ್ರ್ಯಾಕ್ಟರ್ ಮೇಲೆ ಒಬ್ಬನೇ, ಮಳೆಗೆ ಮೊದಲು ಪೆಂಡಿ ಕಟ್ಟಿ ಮುಗಿಸಲು ಹೆಣಗುತ್ತಿದ್ದ. ಕಾರು ನಿಲ್ಲಿಸಿ ಗಾಜು ಇಳಿಸಿದೆ. ಇಡೀ ಜೂನ್ ತಿಂಗಳು ಒಳಗೆ ನುಗ್ಗಿತು. ಕಣ್ಣು ಒದ್ದೆಯಾದದ್ದು ಧೂಳಿಗೆ ಎಂದುಕೊಂಡೆ.

ಇಳಿದು ಹೋಗಿ ಒಂದು ಮಾತಾಡಬಹುದಿತ್ತು. ಐವತ್ತೆರಡು ವರ್ಷದ ಹೆಂಗಸು ಹುಲ್ಲಿನ ಹೊಲಕ್ಕೆ ಇಳಿದು ಏನೆಂದು ಹೇಳುವುದು? ಗಾಜು ಏರಿಸಿ ಹೊರಟೆ.

ಆಗಸ್ಟ್‌ನಲ್ಲಿ ಗೇಟಿಗೆ ಪೀಚ್ ಚೀಲ ನೇತಾಡುತ್ತಿತ್ತು. ಲಾರಿ ನಿಂತ ಸದ್ದು ನನಗೆ ಕೇಳಿಸಲಿಲ್ಲ. ಅವನು ಆ ಸಲ ಕಾಲು ಗಂಟೆಯಿರಲಿ, ಒಂದು ನಿಮಿಷವೂ ನಿಂತಿರಲಿಲ್ಲ. ಹಣ್ಣು ಸಿಹಿಯಾಗಿತ್ತು, ತಿನ್ನಲು ಆಗಲಿಲ್ಲ. ಅವನು ಸೋತು ಹಿಂದೆ ಸರಿಯುತ್ತಿದ್ದಾನೆ ಎಂದು ಅವತ್ತು ಹೆದರಿದೆ. ಬಸ್ಸು ಬರದಿದ್ದಾಗ ಹಾಗೆ ಹೆದರಿರಲಿಲ್ಲ.

ಸೆಪ್ಟೆಂಬರ್ ಸಭೆಗೆ ಎಲ್ಲರೂ ಬಂದಿದ್ದರು. ನನ್ನ ಲಾಯದ ವಿಷಯ ಕೊನೆಯದು. ಅದಕ್ಕೆ ಮೊದಲು ಇನ್ನೊಂದು: ಎಲ್ಲಾದರೂ ಲಾಯಕ್ಕೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಬದುಕಿದ ಕುದುರೆಗಳಿಗೆಂದು ಒಂದು ಕಡೆ ಹುಲ್ಲು ಕೂಡಿಡಬೇಕು, ಅದಕ್ಕೆ ವೆಂಡೆಲ್‌ನ ಕೊಟ್ಟಿಗೆ ಆಗಬಹುದೇ ಎಂದು.

"ಯಾರದಾದ್ರೂ ಸ್ವಂತದ್ದು?" ಎಂದರು ಮಿಸ್ ಆಗಸ್ಟಾ.

"ಕೊಟ್ಟಿಗೆ ನನ್ನದು," ಎಂದು ವೆಂಡೆಲ್ ಎದ್ದ. ನನ್ನ ಹಿಂದಿನಿಂದ ಹಾದು ಹೋದ, ನೋಡಲಿಲ್ಲ. ಕಾಲರಿನಲ್ಲಿ ಹುಲ್ಲುಕಡ್ಡಿ ಇತ್ತು. ಬಾಗಿಲು ಮುಚ್ಚಿತು.

"ಇನ್ಯಾರದಾದ್ರೂ?"

ಅದು ಅವರು ಬಾಯಿಮಾತಿಗೆ ಕೇಳುವ ಪ್ರಶ್ನೆ. ಕೇಳಿದ ಕೂಡಲೇ ಕಾಗದ ತಿರುಗಿಸುತ್ತಾರೆ. ಅವತ್ತು ತಿರುಗಿಸಲಿಲ್ಲ.

ನಾನು ಎದ್ದು ನಿಂತೆ.

"ಏನಮ್ಮಾ ಅರ್ಲೀನ್? ಅವನ ಹುಲ್ಲು ಕೊಳ್ತೀಯಾ?"

"ಇಲ್ಲ ಮಿಸ್ ಆಗಸ್ಟಾ. ಸದ್ಯಕ್ಕಿಲ್ಲ."

"ಮತ್ತೇನು ನಿಂದು? ಒಂದೇ ಮಾತಲ್ಲಿ ಹೇಳು."

ಒಂದು ಮಾತಲ್ಲ, ಅರ್ಧ ಮಾತೂ ನನ್ನ ಬಳಿ ಇರಲಿಲ್ಲ. "ಏಪ್ರಿಲ್‌ನಲ್ಲಿ ವೆಂಡೆಲ್ ಏನು ಹೇಳಿದ್ನೋ, ನಂದೂ ಅದೇ."

ಲಾಳ ಕಟ್ಟುವವರ ಕುರ್ಚಿಯಲ್ಲಿದ್ದ ದಢೂತಿ ಆಸಾಮಿ ಮೇಜು ಗುದ್ದಿದ. "ಅಬ್ಬಾ, ಅಂತೂ!" ಪಶುವೈದ್ಯರು ಟಿಶ್ಯೂ ಹುಡುಕತೊಡಗಿದರು. ಮಿಸ್ ಆಗಸ್ಟಾ ಮಾತ್ರ ಮುಖ ಗಂಟಿಕ್ಕಿಕೊಂಡೇ ಹೇಳಿದರು: "ಬರ್ಕೋ ಡೀಡ್ರ. ಹೋಗಮ್ಮ, ಹೊರಗೆ ಹೋಗು. ಬೇಗ ಹೋಗು."

ಬೆಂಚಿನ ಮೇಲೆ ಅವನು ಟೋಪಿ ಹಿಡಿದು ಕೂತಿದ್ದ. ನನ್ನನ್ನು ಕಂಡು ಅರ್ಧ ಎದ್ದ. "ಏನಾಯ್ತು?"

"ಕೂತ್ಕೋ."

ಕೂತ. ನಾನೂ ಕೂತೆ.

"ಏಪ್ರಿಲ್‌ನಲ್ಲಿ ಒಳಗೆ ಏನು ಹೇಳಿದ್ದೆ? ಈಗ ನಾನೂ ಅದಕ್ಕೇ ಸಹಿ ಹಾಕಿ ಬಂದಿದ್ದೀನಿ. ಏನಂತ ಗೊತ್ತಾಗ್ಬೇಕಲ್ಲ."

ಅವನು ನನ್ನನ್ನೇ ನೋಡಿದ, ಜನವರಿಯಲ್ಲಿ ಹುಲ್ಲು ಹಿಡಿದು ನಿಂತು ನೋಡುತ್ತಿದ್ದ ಹಾಗೆ. ಈ ಸಲವೂ ಬೇಗ ಕಣ್ಣು ಕೀಳಲಿಲ್ಲ, ನಾನೂ ಕೀಳಲಿಲ್ಲ.

"ಶನಿವಾರ ಆ ಲಾಯಕ್ಕೆ ಹೋಗದೆ ನಂಗೆ ವಾರ ಮುಗಿಯಲ್ಲ," ಎಂದ. "ಅಷ್ಟೇ ಹೇಳಿದ್ದು."

ಕೈ ಚಾಚಿ ಅವನ ಕಾಲರಿನ ಹಿಂದಿನ ಹುಲ್ಲುಕಡ್ಡಿ ತೆಗೆದೆ. ಅವನ ಕುತ್ತಿಗೆ ಬೆಚ್ಚಗಿತ್ತು.

ಬಾಗಿಲಿನಲ್ಲಿ ಡೀಡ್ರ ಇಣುಕಿದಳು. "ಕೊಟ್ಟಿಗೆ ಪಾಸಾಯ್ತು. ಇನ್ನು ಲಾಯದ ವಿಷಯ. ನೀವಿಬ್ರೂ ಅಲ್ಲೇ ಇರ್ಬೇಕಂತೆ. ಒಳಗೆ ಬಂದು ಮತ್ತೆ ಎದ್ದು ಹೋಗೋ ನಾಟಕ ನೋಡಕ್ಕೆ ಮಿಸ್ ಆಗಸ್ಟಾಗೆ ವಯಸ್ಸಿಲ್ವಂತೆ." ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು.

ನಾನು ಕಡ್ಡಿಯನ್ನು ಮೂಗಿಗೆ ಹಿಡಿದೆ.

"ಇದು ಯಾವ ತಿಂಗಳದು?"

"ಜೂನ್. ಮಳೆಗೆ ಮುಂಚೆ ಕಟ್ಟಿದ್ದು. ಅವತ್ತು ರಸ್ತೇಲಿ ನಿನ್ನ ಕಾರು ನಿಂತಿತ್ತು."

"ಇಂಜಿನ್ ಬಿಸಿಯಾಗಿತ್ತು," ಎಂದೆ.

ಅವನು ಆಗ ನಕ್ಕ. ಎರಡೂವರೆ ವರ್ಷದಿಂದ ಕೇಳದ ನಗು.

"ಶನಿವಾರ ಒಂದು ಲಾರಿ ಹುಲ್ಲು ತಗೊಂಡು ಬಾ," ಎಂದೆ. "ಡಚೆಸ್ ಮೂಸಿ ನೋಡ್ಲಿ. ಗೇಟ್ ತೆಗೆದಿಟ್ಟಿರ್ತೀನಿ."