ಕಾಲರಿನ ಒಳಹೊಲಿಗೆ

ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಸಮವಸ್ತ್ರಗಳ ಮೇಲಿನ ಕಸೂತಿ ಲಾಂಛನಗಳು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಿ ಹೇಳುವುದು ನನ್ನ ಕಸುಬು. ಜರ್ಮನಿಯ ಪ್ಲೌಯೆನ್ ಊರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಆವತ್ತು ಮಧ್ಯಾಹ್ನ ಫೋಲ್ಕ್‌ಮಾರ್ ಎಂಬ ಮುದುಕ ತನ್ನ ತಂದೆಯ ಕೋಟು ತಂದ. ಆ ತಂದೆ ಕೈದಿ ಹೆಂಗಸರ ಹೊಲಿಗೆ ಕೊಠಡಿಗೆ ಮೇಲ್ವಿಚಾರಕನಾಗಿದ್ದನಂತೆ.

"ಹೊಲಿಗೆ ಸೊಟ್ಟಗಾದ್ರೆ ಅಪ್ಪ ಆ ಹೆಂಗಸರ ಬೆರಳು ಮುರೀತಿದ್ರು ಮೇಡಂ," ಎಂದು ನಕ್ಕ. "ಅದಕ್ಕೇ ನೋಡಿ, ಅವರು ಹೊಲಿದ ಈ ಕಾಲರ್ ಎಷ್ಟು ನೀಟಾಗಿದೆ."

ಕಾಲರಿನ ಲಾಂಛನವನ್ನು ಭೂತಗನ್ನಡಿಯಲ್ಲಿ ನೋಡಿದೆ. ಕಸೂತಿ ಅಸಲಿಯೇ. ಆದರೆ ಒಣ ಬಟ್ಟೆಯ ಮೇಲೆ ಆ ದಾರ ಮಾತ್ರ ಒದ್ದೆಯಾಗಿತ್ತು, ಸೂಜಿಗೆ ಪೋಣಿಸಲು ಯಾರೋ ಈಗಷ್ಟೇ ತುಟಿಯಲ್ಲಿ ನೆನೆಸಿದ ಹಾಗೆ. ಒರೆಸಿದೆ. ಮತ್ತೆ ಒದ್ದೆಯಾಯಿತು.

"ಇದನ್ನ ಹಾಕ್ಕೋಬೇಡಿ," ಎಂದೆ. ಯಾಕೆ ಹಾಗಂದೆನೋ ತಿಳಿಯದು.

"ನಮ್ಮಪ್ಪನ ಕೋಟು ನನ್ನನ್ನೇ ಕಚ್ಚುತ್ತಾ?" ಎಂದು ಅಲ್ಲೇ ತೊಟ್ಟುಕೊಂಡು ಕೊರಳಿನ ಕೊಂಡಿ ಸಿಕ್ಕಿಸಿದ. ಅದನ್ನು ಬಿಚ್ಚಲು ನಾವಿಬ್ಬರೂ ಹೆಣಗಬೇಕಾಯಿತು.

ಮೂರು ವಾರದ ಮೇಲೆ ಅವನ ಮಗಳು ಉರ್ಸೆಲ್ ಫೋನ್ ಮಾಡಿದಳು. ಒಬ್ಬನೇ ಮನೆಯಲ್ಲಿದ್ದಾಗ ಆತ ಆ ಕೋಟಿನಲ್ಲೇ ಉಸಿರುಗಟ್ಟಿ ಸತ್ತಿದ್ದ.

"ಕಾಲರ್ ಬಿಚ್ಚೋಕಾಗದೆ ಡಾಕ್ಟರು ಕತ್ತರಿಸಿದ್ರು ಮೇಡಂ. ಎರಡೂ ಅಂಚು ಸೇರಿಸಿ ಹೊಲಿದಿತ್ತು."

"ಅವರೇ ಹೊಲ್ಕೊಂಡಿರಬಹುದು."



"ಗಂಟುಗಳೆಲ್ಲ ಒಳಗಡೆ ಇದ್ವು," ಎಂದಳು. "ಕುತ್ತಿಗೆಗೂ ಬಟ್ಟೆಗೂ ಮಧ್ಯೆ ಸೂಜಿ ತೂರೋಷ್ಟೂ ಜಾಗ ಇರ್ಲಿಲ್ಲ."