ಹುಬ್ಬಿನ ಮೇಲೆ ನಾಲ್ಕು ಹೊಲಿಗೆ

ನಾನು ಎಸೆದ ಗಾಜಿನ ಲೋಟ ಅವನ ಹುಬ್ಬಿಗೇ ಬಡಿದು ಚೂರಾಯಿತು. ರಕ್ತ ಬಿಳಿ ಕೋಟಿನ ಮೇಲೆ ಇಳಿಯಿತು. ಮೀಟಿಂಗಿನಲ್ಲಿದ್ದ ಡಾಕ್ಟರುಗಳೆಲ್ಲ ಕುರ್ಚಿ ಸರಿಸಿ ಎದ್ದರು.

ಕೋಪ ನನಗೆ ಮೂಗಿನ ತುದಿಯಲ್ಲೇ. ನಾನು ಲಿವರ್ ಕೊಯ್ಯುವ ಸರ್ಜನ್. ಅವನು ಚರ್ಮದ ಮೇಲಿಂದಲೇ ಸೂಜಿ ಇಳಿಸಿ ಗಡ್ಡೆ ಸುಡುವವನು. ಆಸ್ಪತ್ರೆಗೆಲ್ಲ ನಾನು ಕತ್ತಿ, ಅವನು ಸೂಜಿ. ಎರಡು ವರ್ಷದಿಂದ ವಾರಕ್ಕೊಮ್ಮೆ ಹಾವು ಮುಂಗುಸಿ ಜಗಳ. ಆ ಜಗಳಕ್ಕೆಂದೇ ನಾನು ಕೂದಲು ಎರಡು ಸಲ ಬಾಚಿಕೊಂಡು ಬರುತ್ತಿದ್ದೆ, ಸುಳ್ಳೇಕೆ ಹೇಳಲಿ.

ನಮ್ಮ ಮೀಟಿಂಗಿಗೆ ಒಂದು ನಿಯಮ: ರೋಗಿಯ ಹೆಸರು ಮುಚ್ಚಿರುತ್ತದೆ. ವಯಸ್ಸು, ಸ್ಕ್ಯಾನು, ರಕ್ತದ ರಿಪೋರ್ಟು, ಅಷ್ಟೇ. ಅವತ್ತಿನ ಫೈಲು ಯಾರದೆಂದು ನನಗೊಬ್ಬಳಿಗೇ ಗೊತ್ತಿತ್ತು. ಸ್ವಂತದವರ ಮೇಲೆ ನಾವು ಕತ್ತಿ ಆಡಿಸಬಾರದು; ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

“ಕೊಯ್ಯಬೇಕು,” ಎಂದಿದ್ದೆ. “ಸುಟ್ರೆ ಅಲ್ಲೇ ಮತ್ತೆ ಬರೋದು ಜಾಸ್ತಿ.”

“ಬಂದ್ರೆ ಮತ್ತೆ ಸುಡೋಣ. ಎರಡೇ ಸೆಂಟಿಮೀಟರ್ ಗಡ್ಡೆ, ಅದೂ ಆಳದಲ್ಲಿ. ಸಿರೋಸಿಸ್ ಆಗಿ ಲಿವರ್ ಕಲ್ಲಾಗಿದೆ, ಪ್ಲೇಟ್‌ಲೆಟ್ ನೆಲ ಕಚ್ಚಿದೆ. ದೊಡ್ಡ ತುಂಡು ತೆಗೆದ್ರೆ ಉಳಿದದ್ದು ತಡ್ಕೊಳ್ಳುತ್ತಾ? ಲಿವರ್ ಚೆನ್ನಾಗಿದ್ದಿದ್ರೆ ನಾನೇ ನಿಮ್ಮ ಕೈಗೆ ಕೊಡ್ತಿದ್ದೆ.” ಅವನು ನನ್ನನ್ನೇ ದಿಟ್ಟಿಸಿದ. “ಈ ಮನುಷ್ಯನ ಮೇಲೆ ನಿಮಗೇನಾದ್ರೂ ಹಗೆನಾ?”

ಲೋಟ ಹಾರಿದ್ದು ಆಗ.

ಪಕ್ಕದ ಕೋಣೆಯಲ್ಲಿ ನಾನೇ ಹೊಲಿಗೆ ಹಾಕಲು ಕೂತೆ.

“ಮರಗಟ್ಟಿಸ್ತೀರೋ, ಹಾಗೇ ಹೊಲಿದು ಸೇಡು ತೀರಿಸ್ಕೋತೀರೋ?”

“ಬಾಯಿಗೂ ಎರಡು ಹಾಕ್ತೀನಿ, ಸುಮ್ನಿರಿ.”

ಅವನ ಉಸಿರು ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಇನ್ನೊಂದು ಅಂಗುಲ ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ದಾರ ಎಳೆದು ಮೊದಲ ಗಂಟು ಹಾಕಿದೆ.

“ಅದು ನಮ್ಮಪ್ಪ,” ಎಂದೆ.

ಎಲ್ಲ ಹೇಳಿಬಿಟ್ಟೆ: ಕುಡಿತ, ಬೆಲ್ಟಿನ ಬಕಲ್ಲು, ಬಾಗಿಲಿಗೆ ಸಿಕ್ಕಿಸಿ ಮುರಿದ ಅಮ್ಮನ ಕೈ, ನನ್ನ ಕಿವಿಯ ಹಿಂದಿನ ಗಾಯದ ಗುರುತು. “ಆ ಹೊಟ್ಟೆ ಸೀಳ್ಬೇಕು ಅಂತ ಹತ್ತನೇ ವಯಸ್ಸಿಂದ ಅಂದ್ಕೊಂಡಿದ್ದೀನಿ. ಈಗ ನೋಡಿ, ಲೋಟ ಎಸೆದ ಈ ಕೈ ಅವನದ್ದೇ.”

“ಅವನದ್ದಾಗಿದ್ರೆ ಹೊಲೀತಿರ್ಲಿಲ್ಲ.” ಆಮೇಲೆ ಅವನ ದನಿ ಗಟ್ಟಿಯಾಯಿತು. “ಒಂದು ಮಾತು. ಇನ್ನೊಂದ್ಸಲ ಎಸೆದ್ರೆ ನಾನು ಇರಲ್ಲ. ಎಸೀದೇ ಇದ್ರೆ ಎಲ್ಲೂ ಹೋಗಲ್ಲ. ಎರಡು ವರ್ಷದಿಂದ ಹೇಳ್ಬೇಕು ಅಂತಿದ್ದೆ, ನೀವು ಜಗಳಕ್ಕೆ ಬಿಡುವೇ ಕೊಡ್ಲಿಲ್ಲ.”

ನಾಲ್ಕನೇ ಹೊಲಿಗೆ ಸೊಟ್ಟಗಾಯಿತು.

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದೆ.

“ಕೊಯ್ಯೋಕೆ ಬಂದ್ಯಾ? ಕೊಯ್ಯೇ, ಹೆತ್ತೋನ ರಕ್ತ ಕುಡಿ!” ಅಪ್ಪ ಸಲೈನ್ ಕಂಬ ಎಳೆದು ನನ್ನ ಮೇಲೆ ಬೀಸಿದ. ಭುಜ ಉರಿದುಹೋಯಿತು. ಎರಡನೇ ಸಲ ಎತ್ತಿದಾಗ ಅವನ ಮಣಿಕಟ್ಟು ಹಿಡಿದೆ. ಬರೀ ಮೂಳೆ. ನನ್ನ ಇನ್ನೊಂದು ಕೈ ಆಗಲೇ ಸ್ಟೀಲ್ ಟ್ರೇ ಎತ್ತಿತ್ತು.

ಸದ್ದು ಕೇಳಿ ಓಡಿಬಂದ ಸೂಜಿ ಬಾಗಿಲಲ್ಲೇ ನಿಂತ. ಅವನ ಕಣ್ಣು ಆ ಟ್ರೇ ಮೇಲಿತ್ತು.

ನಾನು ಟ್ರೇ ಕೆಳಗಿಟ್ಟೆ.

“ನಾನು ಕೊಯ್ಯಲ್ಲಪ್ಪಾ. ಇವರು ಸುಡ್ತಾರೆ. ನೀನು ಬದುಕ್ಕೋ. ನಾನು ಮತ್ತೆ ನಿನ್ನ ನೋಡೋಕೆ ಬರಲ್ಲ.”

ಸೂಜಿ ಗಡ್ಡೆ ಸುಟ್ಟ. ಮೂರನೇ ದಿನ ಅಪ್ಪ ಬೈಯುತ್ತಲೇ ನಡೆದುಕೊಂಡು ಮನೆಗೆ ಹೋದನಂತೆ. ಐದನೇ ದಿನ ನಾನು ಸೂಜಿಯ ಹೊಲಿಗೆ ಬಿಚ್ಚಿದೆ.

“ಗುರುತು ಉಳಿಯುತ್ತಾ?”

“ಉಳಿಯುತ್ತೆ. ಕ್ಷಮಿಸು.” ಮೊದಲ ಸಲ ಏಕವಚನ ಬಂದಿತ್ತು.

ಅವನು ನನ್ನ ಕಿವಿಯ ಹಿಂದಿನ ಗುರುತಿನ ಮೇಲೆ ಬೆರಳಿಟ್ಟ. ಅಲ್ಲಿ ಯಾರು ಮುಟ್ಟಿದರೂ ಬೆಚ್ಚುವವಳು ನಾನು. ಅವತ್ತು ಬೆಚ್ಚಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಎಲ್ಲರ ಮುಂದೆಯೂ ಪೇಪರ್ ಲೋಟ. ನನ್ನ ದೆಸೆಯಿಂದ ಗಾಜು ಬಂದ್. ಸೂಜಿ ಎದ್ದು ಹೋಗಿ ಎಲ್ಲಿಂದಲೋ ಒಂದು ಗಾಜಿನ ಲೋಟ ತಂದು, ನೀರು ತುಂಬಿಸಿ, ನನ್ನ ಕೈಗೆ ಕೊಟ್ಟ. ಸರಿಯಾಗಿ ನನ್ನ ಎದುರಿಗೇ ಕೂತ.

“ಹೂಂ, ಶುರು ಮಾಡು ಜಗಳ,” ಎಂದ.

ನಾನು ನೀರು ಕುಡಿದು ಲೋಟ ಮೆಲ್ಲನೆ ಕೆಳಗಿಟ್ಟೆ.